ಮಳೆಗೆ ಮುನ್ನ ಮನೆಯಂಗಳದಲ್ಲೇ ಕಾರಿನ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೇ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಮಲೆನಾಡಿನಿಂದ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬಯಲುಸೀಮೆಯ ಓದುಗರು ಎಂಜಿನ್ ಕಾಯುವ ಬಗ್ಗೆ, ಎ.ಸಿ. ತಣ್ಣಗಾಗದ ಬಗ್ಗೆ ಕೇಳುವ ಹೊತ್ತಿನಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ನೀರಿನ ಬಗ್ಗೆ ಕೇಳುತ್ತಾರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡವರಿಗೆ ಅದು ಸಹಜವೇ. ನಾನು ಕಂಡಂತೆ ಮಳೆಗಾಲದಲ್ಲಿ ಕೈಕೊಡುವ ಕಾರುಗಳ ಪೈಕಿ ಹೆಚ್ಚಿನವು ಕೆಡುವುದು ಒಳಸೇರಿದ ನೀರಿಗೆ ಹೊರಹೋಗಲು ದಾರಿ ಸಿಗದ ಕಾರಣಕ್ಕೆ. ಆ ದಾರಿಗಳನ್ನು ತೆರೆದಿಡುವ ಕೆಲಸಕ್ಕೆ ಗ್ಯಾರೇಜೇ ಬೇಕೆಂದಿಲ್ಲ. ಈ ಸಲದ ಉತ್ತರಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ.

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಹಲಸಿನ ಮರದ ಕೆಳಗೆ ನಿಲ್ಲುತ್ತದೆ. ಮಳೆಗಾಲದ ಸಿದ್ಧತೆಯನ್ನು ಮನೆಯಲ್ಲೇ ಮಾಡಿಕೊಳ್ಳುವುದಾದರೆ ಯಾವಾಗ ಆರಂಭಿಸಬೇಕು, ಎಲ್ಲಿಂದ ಆರಂಭಿಸಬೇಕು, ಯಾವುದಕ್ಕೆ ಕೈ ಹಾಕಬಾರದು?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸೌದೆ ಒಟ್ಟುವುದಕ್ಕೆ, ಮಾಡಿನ ಹೆಂಚು ಕೈಯಾಡಿಸುವುದಕ್ಕೆ ನೀವು ನೋಡುವ ಮಳೆ ನಕ್ಷತ್ರಗಳ ಲೆಕ್ಕವೇ ಇದಕ್ಕೂ ಸಾಕು. ಮೇ ಎರಡನೆಯ ವಾರದಲ್ಲಿ ಕೃತ್ತಿಕಾ ಮಳೆ ಹುಟ್ಟುವಾಗ ಕೆಲಸ ಆರಂಭಿಸಿ, ಮೇ ಕೊನೆಗೆ ಹುಟ್ಟುವ ರೋಹಿಣಿ ಮಳೆ ಮುಗಿಯುವುದರೊಳಗೆ ಮುಗಿಸಬೇಕು. ಜೂನ್ 8ರ ಸುಮಾರಿಗೆ ಮೃಗಶಿರಾ ಹಿಡಿದ ಮೇಲೆ ಕಾರ್ಪೆಟ್ ಒಣಗಿಸಲು ಬಿಸಿಲಿರುವುದಿಲ್ಲ, ಬಾಗಿಲಿನ ರಬ್ಬರಿಗೆ ಹಚ್ಚಿದ ಅಂಟು ಕಚ್ಚುವುದಿಲ್ಲ, ಗ್ಯಾರೇಜಿನಲ್ಲೂ ಸರದಿ ಉದ್ದವಾಗಿರುತ್ತದೆ.

ಆರಂಭಿಸಬೇಕಾದದ್ದು ಮುಂಗಾಜಿನ ಬುಡದಿಂದ. ಬಾನೆಟ್ ಎತ್ತಿದರೆ ವೈಪರುಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಕಾಣುತ್ತದೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅದರೊಳಗೆ ಇಳಿದು, ಎಡಬಲದ ತೂತುಗಳ ಮೂಲಕ ಮುಂದಿನ ಚಕ್ರಗಳ ಹಿಂಬದಿಯಿಂದ ನೆಲಕ್ಕೆ ಹರಿದುಹೋಗಬೇಕು. ಹಲಸು, ಮಾವು, ಸಿಲ್ವರ್ ಓಕ್ ಮರಗಳ ಕೆಳಗೆ ನಿಲ್ಲುವ ಕಾರುಗಳಲ್ಲಿ ಬೇಸಿಗೆಯ ದರಗು (ಉದುರಿದ ಒಣ ಎಲೆ) ಅಲ್ಲೇ ಕೂತು, ಮೊದಲ ಮಳೆಗೆ ನೆನೆದು ಕೊಳೆತು, ಗೊಬ್ಬರದಂತಾಗಿ ತೂತುಗಳನ್ನು ಮುಚ್ಚಿಬಿಡುತ್ತದೆ. ವೈಪರಿನ ಮೋಟಾರು ಇರುವುದು ಅಲ್ಲಿ; ಕಾರಿನೊಳಕ್ಕೆ ಗಾಳಿ ಎಳೆದುಕೊಳ್ಳುವ ಬ್ಲೋವರಿನ ಬಾಯಿ ಇರುವುದೂ ಅಲ್ಲೇ. ದರಗನ್ನು ಕೈಯಿಂದ ಬಾಚಿ ತೆಗೆದ ಮೇಲೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಹೊಯ್ದು ಕೆಳಗೆ ಬಗ್ಗಿ ನೋಡಿರಿ. ಹೊಯ್ದ ನೀರು ತಡವಿಲ್ಲದೆ ಎರಡೂ ಕಡೆ ಬಿದ್ದರೆ ದಾರಿ ಸರಿಯಿದೆ ಎಂದು ತಿಳಿಯಬಹುದು.

ಬಳಿಕ ಬಾಗಿಲುಗಳು. ಪ್ರತಿ ಬಾಗಿಲಿನ ತಳದಂಚಿನಲ್ಲಿ ಸಣ್ಣ ಸೀಳುಗಳಿರುತ್ತವೆ. ಕಿಟಕಿ ಗಾಜಿನ ಸಂದಿನಿಂದ ಇಳಿದ ನೀರು ಅಲ್ಲಿಂದ ಹೊರಬರಬೇಕು. ನಮ್ಮ ಕೆಂಪುಮಣ್ಣಿನ ಕೆಸರು ಒಣಗಿದರೆ ಆ ಸೀಳುಗಳಲ್ಲಿ ಸಿಮೆಂಟು ಮೆತ್ತಿದಂತೆ ಗಟ್ಟಿಯಾಗುತ್ತದೆ. ಬಿದಿರಿನ ಕಡ್ಡಿಯಿಂದ ಬಿಡಿಸಿರಿ, ಸ್ಕ್ರೂಡ್ರೈವರ್ ಬೇಡ. ಅದು ಬಣ್ಣ ಕೆರೆದ ಜಾಗದಲ್ಲೇ ಮುಂದಿನ ವರ್ಷ ತುಕ್ಕು ಹುಟ್ಟುತ್ತದೆ. ಡಿಕ್ಕಿಯ ಹಾಸನ್ನೆತ್ತಿ, ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಪಸೆ ಇದೆಯೇ ಎಂದು ಮುಟ್ಟಿ ನೋಡಿರಿ. ಸನ್‌ರೂಫ್ ಇರುವ ಕಾರಾದರೆ ಅದರ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ಕೊಳವೆಗಳಿರುತ್ತವೆ. ಅವುಗಳೊಳಗೆ ಕಬ್ಬಿಣದ ತಂತಿ ತೂರಿಸಿದರೆ ಕೊಳವೆ ಬುಡದಲ್ಲಿ ಕಳಚಿಕೊಂಡು ನೀರೆಲ್ಲ ಒಳಗೇ ಬೀಳುವ ಅಪಾಯವಿದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಅಡಿಕೆ ತೋಟವಿರುವ ಮನೆಯಲ್ಲಿ ಅದು ಹೇಗೂ ಇರುತ್ತದೆ.

ಕಾರಿನ ಅಡಿಭಾಗಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ದಯವಿಟ್ಟು ಮಾಡಬೇಡಿ. ಸಸ್ಪೆನ್ಶನ್ನಿನ ರಬ್ಬರ್ ಬುಶ್ಶುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬ್ರೇಕಿನ ಮೇಲೆ ತೊಟ್ಟಿಕ್ಕಿದರೆ ಇನ್ನೂ ಕೆಟ್ಟದ್ದು. ತುಕ್ಕು ತಡೆಯುವ ಲೇಪನ ಬೇಕಿದ್ದರೆ ಅಡಿಭಾಗವನ್ನು ತೊಳೆದು, ಪೂರ್ತಿ ಒಣಗಿಸಿ, ಅದಕ್ಕೆಂದೇ ಇರುವ ಲೇಪನವನ್ನು ಹಾಕಿಸಬೇಕು. ಒದ್ದೆಯ ಮೇಲೆ ಹಚ್ಚಿದ ಲೇಪನ ತುಕ್ಕನ್ನು ಒಳಗೇ ಸಾಕಿದಂತೆ.

ಕೈ ಹಾಕಬಾರದ ಕೆಲಸಗಳೆಂದರೆ ಬ್ರೇಕಿನ ಕೊಳವೆಗಳನ್ನು ಬಿಚ್ಚುವುದು, ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರುಗಳನ್ನು ಕೀಳುವುದು, ಎ.ಸಿ. ಗ್ಯಾಸಿನ ಪೈಪು ಸಡಿಲಿಸುವುದು, ಇಂಧನದ ಪೈಪು ಬಿಚ್ಚುವುದು. ಹೈಬ್ರಿಡ್ ಅಥವಾ ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲನ್ನು ಮುಟ್ಟುವುದು.

ಪ್ರಶ್ನೆ: ವೈಪರ್ ಹಾಕಿದರೂ ಗಾಜು ಮಬ್ಬಾಗಿಯೇ ಇರುತ್ತದೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಒಳಗಿನಿಂದಲೂ ಹಬೆ ಕೂರುತ್ತದೆ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಲೇ ಓಡಿಸುವಂತಾಗಿದೆ.
— ಶಿಕ್ಷಕಿ, ಸಾಗರ

ಉತ್ತರ: ಇವು ಬೇರೆ ಬೇರೆ ತೊಂದರೆಗಳು, ಪರಿಹಾರಗಳೂ ಬೇರೆ.

ಮೊದಲು ಹೊರಗಿನದು. ವೈಪರಿನ ರಬ್ಬರನ್ನು ಹಾಳುಮಾಡುವುದು ಮಳೆಗಿಂತ ಹೆಚ್ಚಾಗಿ ಮಾರ್ಚಿನಿಂದ ಮೇವರೆಗಿನ ಬಿಸಿಲು. ಅಂಚನ್ನು ಬೆರಳಿನಿಂದ ಮಡಚಿ ನೋಡಿದಾಗ ಬಿರುಕು ಕಂಡರೆ, ಗಾಜಿನ ಮೇಲೆ ಗೆರೆ ಉಳಿದರೆ, ಕಿರಗುಟ್ಟಿದರೆ ಬದಲಿಸುವುದು ಲೇಸು. ನಮ್ಮ ಹವೆಗೆ ವರ್ಷಕ್ಕೊಂದು ಜೊತೆ ಎಂದಿಟ್ಟುಕೊಂಡರೆ ತಪ್ಪಿಲ್ಲ. ಚಾಲಕರ ಬದಿಯ ಮತ್ತು ಪಕ್ಕದ ಬದಿಯ ಅಳತೆ ಸಾಮಾನ್ಯವಾಗಿ ಒಂದೇ ಇರುವುದಿಲ್ಲವಾದ್ದರಿಂದ ಕಾರಿನ ಕೈಪಿಡಿಯಲ್ಲಿ ಇಂಚಿನ ಲೆಕ್ಕ ನೋಡಿಯೇ ಕೊಳ್ಳಬೇಕು. ಹಳೆಯ ಬ್ಲೇಡ್ ಕಳಚುವಾಗ ಗಾಜಿನ ಮೇಲೆ ದಪ್ಪ ಟವೆಲನ್ನು ಮಡಚಿ ಹಾಸಿಕೊಳ್ಳುವುದನ್ನು ಮರೆಯಬೇಡಿ. ಬ್ಲೇಡಿಲ್ಲದ ಬರಿ ಕಬ್ಬಿಣದ ತೋಳು ಸ್ಪ್ರಿಂಗಿನ ಬಲದಿಂದ ಬಡಿದು ಮುಂಗಾಜು ಸೀಳಿಬಿಟ್ಟರೆ ಕೆಲವು ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಹೋಗುತ್ತದೆ.

ಹೊಸ ವೈಪರ್ ಹಾಕಿದ ಮೇಲೂ ಗಾಜು ಮಬ್ಬಾಗಿದ್ದರೆ ಅದರ ಮೇಲೆ ಜಿಡ್ಡಿನ ಪೊರೆ ಇದೆ ಎಂದರ್ಥ. ಲಾರಿ, ಬಸ್ಸುಗಳ ಹೊಗೆ, ರಸ್ತೆಯಿಂದ ಹಾರುವ ಎಣ್ಣೆ, ಮರದ ಅಂಟು ಎಲ್ಲವೂ ಸೇರಿ ಆದ ಪೊರೆ ಅದು. ಪಾತ್ರೆ ತೊಳೆಯುವ ದ್ರವದ ಕೆಲವು ತೊಟ್ಟುಗಳನ್ನು ನೀರಿಗೆ ಹಾಕಿ, ಸ್ಪಂಜಿನಿಂದ ಉಜ್ಜಿ, ಧಾರಾಳ ನೀರಿನಿಂದ ತೊಳೆದರೆ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ವೈಪರಿನ ರಬ್ಬರು ಹಾಳಾಗುತ್ತದೆ.

ಒಳಗಿನ ಹಬೆಗೆ ಕಾರಣ ನಿಮ್ಮ ಉಸಿರಿನ ಮತ್ತು ಒದ್ದೆ ಕೊಡೆಯ ತೇವಾಂಶ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದು. ಎ.ಸಿ. ಹಾಕಿ, ಗಾಳಿಯನ್ನು ಮುಂಗಾಜಿನ ಕಡೆಗೆ ತಿರುಗಿಸಿ, ಒಳಗಾಳಿಯೇ ಸುತ್ತುವ ಗುಂಡಿಯನ್ನು ಬಂದ್ ಮಾಡಿ ಹೊರಗಾಳಿ ಬರುವಂತೆ ಮಾಡಿರಿ. ಎ.ಸಿ. ತಂಪನ್ನು ಕೊಡುವುದರ ಜೊತೆಗೆ ಗಾಳಿಯ ನೀರಿನಂಶವನ್ನೂ ಹಿಂಡಿ ತೆಗೆಯುತ್ತದೆ. ಚಳಿಯಾದರೆ ತಾಪಮಾನದ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿಕೊಳ್ಳಿರಿ, ಎ.ಸಿ. ಮತ್ತು ಹೀಟರ್ ಒಟ್ಟಿಗೆ ನಡೆದರೆ ಕಾರಿಗೆ ಕೆಡುಕಿಲ್ಲ, ಗಾಜು ಮಾತ್ರ ಬೇಗ ತಿಳಿಯಾಗುತ್ತದೆ. ಇಷ್ಟಾದರೂ ಗಾಳಿಯ ರಭಸವೇ ಇಲ್ಲದಿದ್ದರೆ ಒಳಗಾಳಿಯ ಫಿಲ್ಟರ್ ಕಟ್ಟಿರಬಹುದು. ಬಹಳಷ್ಟು ಕಾರುಗಳಲ್ಲಿ ಅದು ಮುಂದಿನ ಸೀಟಿನೆದುರಿನ ಗೂಡಿನ ಹಿಂದೆ ಇರುತ್ತದೆ, ಗೂಡನ್ನು ಒಳಕ್ಕೆ ಒತ್ತಿ ಇಳಿಬಿಟ್ಟರೆ ಕೈಗೆ ಸಿಗುತ್ತದೆ. ಅದರ ಮೇಲೆ ಬಾಣದ ಗುರುತಿದ್ದರೆ ಹಳೆಯದು ಇದ್ದ ದಿಕ್ಕಿನಲ್ಲೇ ಹೊಸದನ್ನು ಕೂರಿಸಬೇಕು.

ಪ್ರಶ್ನೆ: ಪಕ್ಕದ ಸೀಟಿನ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಸದಾ ಒದ್ದೆ. ಗ್ಯಾರೇಜಿನಲ್ಲಿ ಬಾಗಿಲಿನ ರಬ್ಬರ್ ಬದಲಿಸಿದರು, ಪ್ರಯೋಜನವಾಗಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಮನೆಯಲ್ಲೇ ಪತ್ತೆಹಚ್ಚಬಹುದೇ?
— ಓದುಗರು, ಹೊಸನಗರ

ಉತ್ತರ: ಖಂಡಿತ ಆಗುತ್ತದೆ, ಮತ್ತು ಇದು ಗ್ಯಾರೇಜಿಗಿಂತ ಮನೆಯಲ್ಲೇ ಚೆನ್ನಾಗಿ ಆಗುವ ಕೆಲಸ, ಏಕೆಂದರೆ ಇದಕ್ಕೆ ಬೇಕಾದದ್ದು ತಾಳ್ಮೆಯೊಂದೇ. ರಬ್ಬರ್ ಬದಲಿಸುವ ಮೊದಲು ಕೇಳಬೇಕಿದ್ದ ಪ್ರಶ್ನೆ, ಅದು ಯಾವ ನೀರು ಎಂಬುದು.

ಬಿಳಿ ಕಾಗದವನ್ನೋ ಟಿಶ್ಯೂವನ್ನೋ ಅದರಲ್ಲಿ ಅದ್ದಿ ನೋಡಿರಿ. ಬಣ್ಣವಿದ್ದು, ಬೆರಳಿಗೆ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಎಂದರೆ ಎಂಜಿನ್ ತಣಿಸುವ ದ್ರವ. ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿದೆ. ಆಗ ಕಾರನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸುವುದೇ ಸರಿ, ಏಕೆಂದರೆ ಕೂಲೆಂಟ್ ಕಡಿಮೆಯಾದ ಎಂಜಿನ್ ಘಾಟಿ ಹತ್ತುವಾಗ ಕಾದು ಕೆಡುತ್ತದೆ. ನೀರು ಸ್ವಚ್ಛವಾಗಿದ್ದು, ಎ.ಸಿ. ಹಾಕಿದ ದಿನ ಮಾತ್ರ ಕಾಣಿಸಿಕೊಂಡರೆ, ಎ.ಸಿ.ಯಲ್ಲಿ ಹನಿಗಟ್ಟಿದ ನೀರು ಹೊರಹೋಗುವ ಕೊಳವೆ ಕಟ್ಟಿದೆ. ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದು ಆರೋಗ್ಯದ ಲಕ್ಷಣ; ನಿಮ್ಮದರಲ್ಲಿ ಅದು ನಿಂತಿದೆಯೇ ಎಂದು ಗಮನಿಸಿರಿ.

ಕಾರನ್ನು ಓಡಿಸದೆ ನಿಲ್ಲಿಸಿದ್ದರೂ ಮಳೆ ಬಂದ ಮೇಲೆ ಒದ್ದೆಯಾಗುತ್ತಿದ್ದರೆ ಅದು ಮಳೆನೀರೇ. ಕಾರ್ಪೆಟ್ಟನ್ನು ಒಣಗಿಸಿ, ಅದರ ಜಾಗದಲ್ಲಿ ಹಳೆಯ ದಿನಪತ್ರಿಕೆಗಳನ್ನು ಹಾಸಿರಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಬೇಕು. ಬಹಳ ಮಂದಿ ಮಾಡುವಂತೆ ಮೇಲಿನಿಂದ ನೀರು ಸುರಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಬಾಗಿಲಿನ ತಳದಿಂದ ಆರಂಭಿಸಿ, ಒಂದೊಂದು ಮಟ್ಟದಲ್ಲೂ ಐದಾರು ನಿಮಿಷ ನಿಂತು, ಮೇಲೆ ಹೋಗುತ್ತ ಕೊನೆಗೆ ಮುಂಗಾಜಿನ ಬುಡದ ಜಾಲರಿಗೆ ಬರಬೇಕು. ಕಾಗದದ ಮೇಲೆ ಮೊದಲ ಕಲೆ ಮೂಡಿದಾಗ ಪೈಪು ಎಲ್ಲಿತ್ತೋ ನೀರು ನುಗ್ಗುತ್ತಿರುವುದು ಅದರ ಆಸುಪಾಸಿನಲ್ಲೇ. ನಿಮ್ಮ ಕಾರಿನಲ್ಲಿ ಹೊಸ ರಬ್ಬರ್ ಹಾಕಿದ ಮೇಲೂ ನಿಂತಿಲ್ಲವಾದ್ದರಿಂದ ನನ್ನ ಅನುಮಾನ ಎರಡರ ಮೇಲಿದೆ: ಜಾಲರಿಯೊಳಗೆ ಕಟ್ಟಿಕೊಂಡ ದರಗು, ಇಲ್ಲವೇ ಬಾಗಿಲಿನ ಒಳಹಲಗೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಅಂಚಿನಲ್ಲಿ ಬಿಟ್ಟುಕೊಂಡಿರುವುದು. ಹಿಂದೆ ಯಾರಾದರೂ ಸ್ಪೀಕರ್ ಹಾಕಿಸಲೆಂದು ಬಾಗಿಲು ಬಿಚ್ಚಿದ್ದರೆ ಎರಡನೆಯದೇ ಇರಬಹುದು.

ಮೂಲ ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ. ಕಾರ್ಪೆಟ್ಟಿನ ಅಡಿಯಲ್ಲಿ ದಪ್ಪ ಸ್ಪಂಜಿರುತ್ತದೆ, ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಕೆಳಗೇ ವೈರುಗಳ ಕಟ್ಟು ಹಾದುಹೋಗಿರುತ್ತದೆ. ಹಾಸನ್ನು ಎತ್ತಿ ಕೆಳಗೆ ಇಟ್ಟಿಗೆಯನ್ನೋ ಮರದ ತುಂಡನ್ನೋ ಕೊಟ್ಟು ಗಾಳಿಯಾಡಲು ಬಿಡಬೇಕು. ಸೀಟು ತೆಗೆಯಲೇಬೇಕಾದರೆ ಆ ಕೆಲಸವನ್ನು ಮೆಕ್ಯಾನಿಕ್ಕಿಗೆ ಬಿಡುವುದು ಒಳ್ಳೆಯದು, ಅದರಡಿಯಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಕನೆಕ್ಟರ್ ಇರುವುದುಂಟು.

ಪ್ರಶ್ನೆ: ಕೆಲಸದ ಮೇಲೆ ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ. ಬ್ರೇಕ್ ಆಯಿಲನ್ನು ನಾನೇ ಬದಲಿಸಿಕೊಳ್ಳಬಹುದೇ? ಮಟ್ಟ ಸ್ವಲ್ಪ ಇಳಿದಿದೆ, ತುಂಬಿಸಿದರೆ ಸಾಕೇ?
— ವ್ಯಾಪಾರಿ, ಶಿವಮೊಗ್ಗ

ಉತ್ತರ: ಬದಲಿಸಬೇಡಿ, ತುಂಬಿಸುವ ಮೊದಲೂ ಯೋಚಿಸಿರಿ. ಬ್ರೇಕ್ ಪ್ಯಾಡ್ ಸವೆದಂತೆ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ದ್ರವ ಕೆಳಗಿಳಿಯುತ್ತದೆ, ಡಬ್ಬಿಯಲ್ಲಿ ಮಟ್ಟ ತಗ್ಗುತ್ತದೆ. ಹೀಗಾಗಿ ತಗ್ಗಿದ ಮಟ್ಟ ಹೇಳುತ್ತಿರುವುದು ಪ್ಯಾಡ್ ನೋಡಿಸಿ ಎಂದು, ಇಲ್ಲವೇ ಎಲ್ಲೋ ಸೋರುತ್ತಿದೆ ಎಂದು. ಸುಮ್ಮನೆ ತುಂಬಿಸಿದರೆ ಆ ಎಚ್ಚರಿಕೆಯನ್ನು ಅಳಿಸಿಹಾಕಿದಂತಾಗುತ್ತದೆ. ಅಲಾಯ್ ಚಕ್ರವಿದ್ದರೆ ಕಡ್ಡಿಗಳ ನಡುವಿನಿಂದ ಟಾರ್ಚ್ ಬಿಟ್ಟು ಪ್ಯಾಡಿನ ದಪ್ಪ ನೋಡಬಹುದು. 3 ಮಿಲಿಮೀಟರಿಗೆ ಬಂದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿಕೊಳ್ಳಿರಿ.

ಇನ್ನು ಈ ದ್ರವದ ಸ್ವಭಾವವನ್ನು ಘಾಟಿಯಲ್ಲಿ ಓಡಾಡುವವರು ತಿಳಿದಿರಲೇಬೇಕು. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿನಂಶ ಶೇಕಡಾ 3.7ರಷ್ಟು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ ಅವೇ ಅಂಕಿಗಳು 205 ಮತ್ತು 140. ಆಗುಂಬೆಯಿಂದ ಘಾಟಿಯ ಬುಡದ ಸೋಮೇಶ್ವರಕ್ಕೆ 14 ತಿರುವುಗಳನ್ನು ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಇಳಿದರೆ ಆ ಕಾವು ಹುಟ್ಟುವುದು ಕಷ್ಟವಲ್ಲ. ದ್ರವ ಕುದಿದಾಗ ಏಳುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ, ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಚಕ್ರ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಕಿಲೋಮೀಟರ್ ಎಷ್ಟೇ ಆಗಿರಲಿ, ದ್ರವವನ್ನು ಪೂರ್ತಿ ಬದಲಿಸಬೇಕು. ಕೊಳವೆಯಲ್ಲಿ ಗಾಳಿ ಉಳಿಯದಂತೆ ಬಸಿಯುವ ಈ ಕೆಲಸಕ್ಕೆ, ವಿಶೇಷವಾಗಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಲ್ಲಿ, ಸಲಕರಣೆ ಮತ್ತು ಪಳಗಿದ ಕೈ ಎರಡೂ ಬೇಕು.

ಇಳಿಯುವಾಗ ಎರಡನೆಯ ಗೇರಿನಲ್ಲಿ, ಎಂಜಿನ್ ಕಾರನ್ನು ಹಿಡಿದಿಡುವಂತೆ ಇಳಿಯಿರಿ. ಸುಟ್ಟ ವಾಸನೆ ಬಂದರೆ ಜಾಗ ಸಿಕ್ಕಲ್ಲಿ ನಿಲ್ಲಿಸಿ ತಾನಾಗಿ ತಣಿಯಲು ಬಿಡಬೇಕು, ಕಾದ ಡಿಸ್ಕಿನ ಮೇಲೆ ನೀರು ಹೊಯ್ಯುವುದು ಅಪಾಯ. ಮಳೆಯಲ್ಲಿ ಒದ್ದೆಯಾದ ಕಾರನ್ನು ರಾತ್ರಿಯಿಡೀ ನಿಲ್ಲಿಸುವುದಾದರೆ ಸಮತಟ್ಟಾದ ಅಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆಯುವ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿರಿ. ಹಿಂದಿನ ಬ್ರೇಕ್ ಡ್ರಮ್ಮಿಗೆ ಅಂಟಿ ಹಿಡಿದುಕೊಳ್ಳುವುದು ಇದರಿಂದ ತಪ್ಪುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಹಿಡಿತ ಹೆಚ್ಚಲೆಂದು ಟೈರಿನ ಗಾಳಿ ಕಡಿಮೆ ಮಾಡಬೇಕೆನ್ನುತ್ತಾರೆ. ನಿಜವೇ? ಟೈರುಗಳನ್ನು ಮನೆಯಲ್ಲೇ ಹಿಂದುಮುಂದು ಮಾಡಿಕೊಳ್ಳಬಹುದೇ?
— ಓದುಗರು, ಭದ್ರಾವತಿ

ಉತ್ತರ: ನಿಜವಲ್ಲ. ಗಾಳಿ ಕಡಿಮೆಯಾದ ಟೈರು ನೆಲದ ಮೇಲೆ ಹಾಕುವ ಒತ್ತಡ ತಗ್ಗುತ್ತದೆ, ವೇಗದಲ್ಲಿ ಹೋಗುವಾಗ ಅದು ನೀರನ್ನು ಸೀಳಿಕೊಂಡು ಹೋಗುವ ಬದಲು ನೀರಿನ ಮೇಲೆ ತೇಲಿಬಿಡುತ್ತದೆ. ಚಾಲಕರ ಬಾಗಿಲಿನ ಕಂಬದಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ. ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಿರಿ, ಸ್ಟೆಪ್ನಿಯನ್ನೂ ಸೇರಿಸಿ. ಟೈರಿನ ಮೈಮೇಲಿನ ಸೀಳುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂಬುದು ಕಾನೂನಿನ ಮಾತು. ಸೀಳಿನ ತಳದಲ್ಲಿರುವ ಅಡ್ಡಗಟ್ಟೆಯ ಮಟ್ಟಕ್ಕೆ ಮೈ ಸವೆದಿದ್ದರೆ ಆ ಮಿತಿ ಮುಟ್ಟಿದಂತೆ. ನಮ್ಮ ಮಳೆಗೆ ಮಾತ್ರ 3 ಮಿಲಿಮೀಟರಿಗಿಂತ ಕಡಿಮೆ ಇರುವ ಟೈರಿನಲ್ಲಿ ಜೂನ್ ತಿಂಗಳಿಗೆ ಕಾಲಿಡಬಾರದೆಂಬುದು ನನ್ನ ಅಭಿಪ್ರಾಯ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿರಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೈ ಸವೆಯದಿದ್ದರೂ ಅಷ್ಟು ಹಳೆಯ ರಬ್ಬರು ಗಡುಸಾಗಿ, ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಹಿಂದುಮುಂದು ಮಾಡುವ ಕೆಲಸ ಮನೆಯಲ್ಲಾಗುತ್ತದೆ, ಆದರೆ ಜಾಗ ನೋಡಿಕೊಳ್ಳಬೇಕು. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಉತ್ತಮ. ಮಣ್ಣಿನ ನೆಲದ ಮೇಲೆ, ಅದೂ ಒಂದು ಮಳೆ ಬಿದ್ದ ಮೇಲೆ, ಜಾಕ್ ಏರಿಸಬೇಡಿ. ಅನಿವಾರ್ಯವಾದರೆ ಕೆಳಗೆ ದಪ್ಪ ಹಲಗೆ ಕೊಡಿರಿ. ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಎದುರು ಬದಿಯ ಚಕ್ರಕ್ಕೆ ಅಡೆಯಿಟ್ಟು, ಆಮೇಲೆ ಎತ್ತಬೇಕು. ಕೂರಿಸುವಾಗ ಮೊದಲು ಬೆರಳಿನಿಂದ ತಿರುಗಿಸಿ, ಬಳಿಕ ಒಂದು ಬಿಟ್ಟು ಒಂದರಂತೆ ಬಿಗಿಯಬೇಕು, ಕೊನೆಯ ಬಿಗಿತ ಕಾರು ಇಳಿಸಿದ ಮೇಲೆ. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿರಿ. ಕಾರಿನೊಂದಿಗೆ ಬಂದ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ, ಬಿದ್ದ ನಟ್ಟನ್ನು ಎತ್ತಿಕೊಳ್ಳುವುದಕ್ಕೂ, ತಲೆ ಹಾಕಬೇಡಿ.

ಪ್ರಶ್ನೆ: ಜಡಿಮಳೆಯಲ್ಲಿ ವಾರಗಟ್ಟಲೆ ಕಾರು ತೆಗೆಯುವುದಿಲ್ಲ, ಬ್ಯಾಟರಿ ಕೂತುಬಿಡುತ್ತದೆ. ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡಬಹುದೇ?
— ನಿವೃತ್ತ ನೌಕರರು, ಕೋಣಂದೂರು

ಉತ್ತರ: ಕರೆಂಟು ಹೋದರೆ ಎರಡು ದಿನ ಬಾರದ ಊರುಗಳಲ್ಲಿ ಈ ಆಲೋಚನೆ ಹುಟ್ಟುವುದು ಸಹಜ, ಆದರೆ ಬೇಡ. ಇನ್ವರ್ಟರಿನ ಚಾರ್ಜರನ್ನು ಹೊಂದಿಸಿರುವುದು 150 ಆಂಪಿಯರ್-ಗಂಟೆಯಂಥ ದೊಡ್ಡ ಬ್ಯಾಟರಿಗೆ. ಸಣ್ಣ ಕಾರಿನ ಬ್ಯಾಟರಿ 35ರಿಂದ 45 ಆಂಪಿಯರ್-ಗಂಟೆಯದು. ಆ ಪ್ರವಾಹಕ್ಕೆ ಅದು ಕಾದು ಉಬ್ಬಬಹುದು. ಸುಮಾರು 4 ಆಂಪಿಯರಿನ, ತುಂಬಿದಾಗ ತಾನಾಗಿ ನಿಲ್ಲುವ ಸಣ್ಣ ಚಾರ್ಜರ್ ಕೊಂಡರೆ ಅನೇಕ ವರ್ಷ ಬರುತ್ತದೆ.

ಮಲ್ಟಿಮೀಟರ್ ಇದ್ದರೆ ಕಾರು ನಿಂತು ಕೆಲವು ಗಂಟೆಯಾದ ಮೇಲೆ ಅಳೆದು ನೋಡಿರಿ. 12.6 ವೋಲ್ಟಿನ ಆಸುಪಾಸು ಇದ್ದರೆ ಪೂರ್ತಿ ತುಂಬಿದೆ, 12.4ಕ್ಕೆ ಬಂದರೆ ಚಾರ್ಜ್ ಬೇಕು, 12ರ ಹತ್ತಿರವಾದರೆ ಬರಿದಾಗುತ್ತಿದೆ. ಎಂಜಿನ್ ಚಾಲೂ ಇರುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ತೋರಿಸಬೇಕು, ತೋರಿಸದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿರಿ. ಬ್ಯಾಟರಿಗೆ ತಂತಿ ಜೋಡಿಸುವ ಕಂಬಗಳ ಮೇಲೆ ಬೆಳ್ಳಗೆ, ಹಸಿರಾಗಿ ಕಟ್ಟುವ ಕಿಲುಬನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದು, ಒಣಗಿಸಿ, ತಂತಿ ಜೋಡಿಸಿದ ಮೇಲೆ ವ್ಯಾಸಲೀನ್ ಸವರಿರಿ. ಬಿಚ್ಚುವಾಗ ಋಣ (ಮೈನಸ್) ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ. ತೀರಿದ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಂಗಡಿಗೇ ಹಿಂತಿರುಗಿಸಬೇಕು. ಅದನ್ನು ಮರಳಿ ಪಡೆಯುವ ವ್ಯವಸ್ಥೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಲ್ಲೇ ಇದೆ.

ಪ್ರಶ್ನೆ: ಬಾನೆಟ್ಟಿನೊಳಗೆ ಇಲಿಗಳ ಕಾಟ. ಹೊಗೆಸೊಪ್ಪು ಕಟ್ಟಿದ್ದೇವೆ, ನುಸಿಗುಳಿಗೆ ಹಾಕಿದ್ದೇವೆ.
— ಓದುಗರು, ರಿಪ್ಪನ್‌ಪೇಟೆ

ಉತ್ತರ: ಹೊಗೆಸೊಪ್ಪಿನ ವಾಸನೆ ಹಸಿ ಹವೆಯಲ್ಲಿ ಬೇಗ ಸಪ್ಪೆಯಾಗುತ್ತದೆ, ನುಸಿಗುಳಿಗೆಯದು ಬ್ಲೋವರಿನ ಮೂಲಕ ನಿಮ್ಮ ಮೂಗಿಗೇ ಬರುತ್ತದೆ. ವಿಷವಿಟ್ಟರೆ ಇಲಿ ಸಾಯುವುದು ಕೈಗೆಟುಕದ ಮೂಲೆಯಲ್ಲಿ. ನನ್ನ ನಂಬಿಕೆ ಇರುವುದು ಬೆಳಕು ಮತ್ತು ಕಲಕಾಟದ ಮೇಲೆ: ಇಲಿಗೆ ಬೇಕಾದದ್ದು ಬೆಚ್ಚಗಿನ, ಒಣಗಿದ, ಯಾರೂ ಮುಟ್ಟದ ಗೂಡು. ಹಗಲು ಕಾರು ಮಾಡಿನ ಕೆಳಗಿದ್ದಾಗ ಬಾನೆಟ್ ಎತ್ತಿಡಿರಿ, ದಿನ ಬಿಟ್ಟು ದಿನ ಎಂಜಿನ್ ಚಾಲೂ ಮಾಡಿ ಸ್ವಲ್ಪ ದೂರವಾದರೂ ಓಡಿಸಿರಿ, ಕೊಟ್ಟಿಗೆಯ ಹಿಂಡಿ-ಬೂಸಾದ ಪಕ್ಕದಲ್ಲಿ ನಿಲ್ಲಿಸಬೇಡಿ. ಬ್ಲೋವರಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಬಹುದು. ವಾರಕ್ಕೊಮ್ಮೆ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ನೋಡಿರಿ, ಗೂಡು ಕಟ್ಟಲು ಇಲಿಗಳಿಗೆ ಅದು ಬಹಳ ಇಷ್ಟ. ಕಡಿದ ವೈರಿಗೆ ಬರಿ ಟೇಪು ಸುತ್ತಿದರೆ ತೇವ ನುಗ್ಗುತ್ತದೆ. ಬೆಸುಗೆ ಹಾಕಿಸಿ ಮೇಲೆ ಕಾವಿಗೆ ಕುಗ್ಗುವ ಕೊಳವೆ ತೊಡಿಸಬೇಕು.

ಪ್ರಶ್ನೆ: ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೋಳೆ ಕಂಡಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಎಣ್ಣೆ, ಕೂಲೆಂಟ್ ಬೆರೆಯದಂತೆ ತಡೆಯುವ ಹಾಳೆ) ಹೋಗಿದೆ ಎಂದು ಹೆದರಿಸಿದ್ದಾರೆ. ಆಯಿಲನ್ನು ನಾನೇ ಬದಲಿಸಬೇಕೆಂದಿದ್ದೇನೆ. ಹಳೆಯದನ್ನು ಏನು ಮಾಡಲಿ?
— ಓದುಗರು, ಸೊರಬ

ಉತ್ತರ: ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆವಿಯಾಗಿ ಹೊರಹೋಗದೆ ಮುಚ್ಚಳದಲ್ಲಿ ಹನಿಗಟ್ಟಿ ಎಣ್ಣೆಯೊಡನೆ ಕಲೆಯುತ್ತದೆ. ಅಳತೆಕಡ್ಡಿ ಎಳೆದು ನೋಡಿರಿ. ಕಡ್ಡಿಯ ಮೇಲಿನ ಎಣ್ಣೆ ಸಹಜ ಬಣ್ಣದಲ್ಲಿದ್ದು, ಕೂಲೆಂಟ್ ಮಟ್ಟ ಇಳಿಯದೆ ಇದ್ದರೆ ಒರೆಸಿ ಹಾಕಿ, ವಾರಕ್ಕೊಮ್ಮೆ ಅರ್ಧ ಗಂಟೆ ದೂರ ಓಡಿಸಿ ಬನ್ನಿ, ಅಷ್ಟೇ ಸಾಕು. ಕಡ್ಡಿಯ ಮೇಲೂ ಬಿಳಿ ಕಂಡರೆ ಮಾತ್ರ ಹೆದರಿಸಿದವರ ಮಾತು ನಿಜವಿರಬಹುದು. ಆಗ ಕಾರನ್ನು ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿರಿ.

ಹಳೆಯ ಆಯಿಲ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೇಲಿಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವುದು ನಮ್ಮಲ್ಲಿ ವಾಡಿಕೆ, ಆದರೆ ಅದು ಜೂನ್ ತಿಂಗಳಿನಲ್ಲಿ ತೊಳೆದು ತೋಟದ ಕಪ್ಪಿಗೆ (ಬಸಿಗಾಲುವೆಗೆ), ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೇ ಸೇರಿಸಿವೆ. ಹೊಸ ಆಯಿಲಿನ ಖಾಲಿ ಡಬ್ಬಿಯಲ್ಲೇ ತುಂಬಿ, ಬಳಸಿದ ಆಯಿಲನ್ನು ಸಂಗ್ರಹಿಸಿ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಿರಿ. ಹಾಗೆ ಕೊಡುವ ವ್ಯವಸ್ಥೆ ಹತ್ತಿರದಲ್ಲಿ ಇಲ್ಲದಿದ್ದರೆ ಆಯಿಲ್ ಬದಲಾವಣೆಯನ್ನು ಗ್ಯಾರೇಜಿನಲ್ಲೇ ಮಾಡಿಸುವುದು ಮೇಲು.

ಪ್ರಶ್ನೆ: ನಮ್ಮದು ಡೀಸೆಲ್ ಜೀಪು. ಮಳೆಗಾಲದಲ್ಲಿ ಎಳೆತ ಕಡಿಮೆಯಾಗುತ್ತದೆ. ಇನ್ನೊಂದು, ತೋಡು ಉಕ್ಕಿ ಮೋರಿಯ ಮೇಲೆ ನೀರು ಹರಿಯುವಾಗ ದಾಟಬಹುದೇ?
— ಓದುಗರು, ನಿಟ್ಟೂರು

ಉತ್ತರ: ಎಳೆತ ತಗ್ಗಲು ಡೀಸೆಲ್ಲಿನಲ್ಲಿ ಸೇರಿದ ನೀರು ಕಾರಣವಿರಬಹುದು; ಅದು ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ತಳದಲ್ಲಿ ತಿರುಪಿರುವ ಮಾದರಿಯಾದರೆ ಕೆಳಗೆ ಪಾರದರ್ಶಕ ಬಾಟಲಿ ಹಿಡಿದು, ಶುದ್ಧ ಡೀಸೆಲ್ ಬರುವವರೆಗೆ ಬಸಿದು ಬಿಗಿಯಿರಿ. ಬಾಟಲಿಯಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗಿ ನಿಲ್ಲುವುದರಿಂದ ಎಷ್ಟು ನೀರಿತ್ತೆಂದು ಕಣ್ಣಿಗೇ ಕಾಣುತ್ತದೆ.

ಎರಡನೆಯದಕ್ಕೆ ಉತ್ತರ ದಾಟಬಾರದು ಎಂಬುದೇ. ಕೆಂಪು ನೀರಿನ ಕೆಳಗೆ ಮೋರಿ ಉಳಿದಿದೆಯೋ ಇಲ್ಲವೋ ಮೇಲಿನಿಂದ ತಿಳಿಯುವುದಿಲ್ಲ. ನಿಂತ ನೀರಿನಲ್ಲಿ ಹೋಗುವಾಗ ಎಂಜಿನ್ ಆರಿಹೋದರೆ ಮತ್ತೆ ಚಾಲೂ ಮಾಡಲು ಪ್ರಯತ್ನಿಸಬೇಡಿ. ಗಾಳಿಯ ಜೊತೆ ನೀರು ಸಿಲಿಂಡರಿಗೆ ಹೋಗಿದ್ದರೆ ಅದು ಒತ್ತಿದರೆ ಕುಗ್ಗುವ ವಸ್ತುವಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಎಂಜಿನ್ ಬಿಚ್ಚಿಸುವುದೊಂದೇ ದಾರಿ. ತಳ್ಳಿ ಹೊರತಂದು, ಬ್ಯಾಟರಿಯ ಋಣ ತಂತಿ ಬಿಚ್ಚಿ, ಎಳೆದುಕೊಂಡು ಹೋಗಿ ನೋಡಿಸಿರಿ.

ಪ್ರಶ್ನೆ: ಸೀಟು, ಬೆಲ್ಟು, ಸ್ಟಿಯರಿಂಗ್ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ.
— ಗೃಹಿಣಿ, ಕೊಪ್ಪ

ಉತ್ತರ: ಮಳೆ ಹೊಳವಾದ ದಿನ ನಾಲ್ಕೂ ಬಾಗಿಲು ತೆರೆದಿಡಿರಿ, ಒದ್ದೆ ಕೊಡೆ, ರೇನ್‌ಕೋಟು, ಕೆಸರಾದ ಮ್ಯಾಟುಗಳನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ. ಹಿಡಿದ ಬೂಷ್ಟನ್ನು ಒಣಬಟ್ಟೆಯಿಂದ ಝಾಡಿಸಿದರೆ ಕಾರಿನೊಳಗೆಲ್ಲ ಹರಡುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿರಿ. ತೊಗಲಿನ ಸೀಟಾದರೆ ಮೂಲೆಯಲ್ಲೊಮ್ಮೆ ಪರೀಕ್ಷಿಸಿ ಮುಂದುವರಿಯುವುದು ಒಳ್ಳೆಯದು. ಬೆಲ್ಟನ್ನು ಪೂರ್ತಿ ಹೊರಗೆಳೆದು ಕ್ಲಿಪ್ ಹಾಕಿ, ತೆಳುವಾದ ಸೋಪಿನ ನೀರಿನಲ್ಲಿ ಮಾತ್ರ ಒರೆಸಿರಿ, ಬ್ಲೀಚ್ ತಾಗಿದರೆ ಅದರ ನೂಲಿನ ಬಲವೇ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಕ್ಲಿಪ್ ತೆಗೆದು ಒಳಕ್ಕೆ ಸುತ್ತಿಕೊಳ್ಳಲು ಬಿಡಬೇಕು.